ಸೆನೆಟರ್ ಮಸೂದೆ ಕಾನೂನಾಗಲಿಲ್ಲ, ಆದರೂ ಟಿಪ್ಸ್ ನಿಮ್ಮದೇ

ಪ್ರಶ್ನೆ:

ಮೇಡಂ, ನಮಸ್ಕಾರ. ನಾನು ದಾವಣಗೆರೆಯವಳು, ಎಂ.ಕಾಂ. ಓದಿದ್ದೇನೆ. ನಮ್ಮ ಮನೆಯವರಿಗೆ ಐರ್ಲೆಂಡ್‌ನ ಲಿಮರಿಕ್‌ನಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಅವರದು ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್, ಅಂದರೆ ವಿಶೇಷ ಕೌಶಲದವರಿಗೆ ಕೊಡುವ ಕೆಲಸದ ಪರವಾನಗಿ. ನನ್ನ ವಾಸದ ಪರವಾನಗಿ ಕಾರ್ಡಿನಲ್ಲಿ ಸ್ಟ್ಯಾಂಪ್ 1ಜಿ ಅಂತಿದೆ. ಆಗಸ್ಟ್ ಕೊನೆಯಿಂದ ಒಂದು ರೆಸ್ಟೋರೆಂಟಿನಲ್ಲಿ ಸಂಜೆ ಹೊತ್ತು ಸಪ್ಲೈಯರ್ ಕೆಲಸ ಮಾಡುತ್ತಿದ್ದೇನೆ. ಕಾಗದದಲ್ಲಿ ವಾರಕ್ಕೆ 12 ಗಂಟೆ, ಮಾಡುವುದು 24ರ ಆಸುಪಾಸು. ಗಿರಾಕಿಗಳು ಕಾರ್ಡಿನಲ್ಲಿ ಬಿಲ್ ಕಟ್ಟುವಾಗಲೇ ಟಿಪ್ಸ್ ಸೇರಿಸುತ್ತಾರೆ. ಡಿಸೆಂಬರಿನಲ್ಲಂತೂ ಕೆಲವು ಟೇಬಲ್‌ಗಳಿಂದ 20, 30 ಯೂರೋ ಬಂತು. ನಮ್ಮ ಕೈಗೆ ಒಂದು ಸೆಂಟೂ ಬಂದಿಲ್ಲ. ಕೇಳಿದರೆ 'ಒಡೆದ ಗ್ಲಾಸಿಗೆ, ಸ್ಟಾಫ್ ಪಾರ್ಟಿಗೆ ಖರ್ಚಾಯಿತು' ಎನ್ನುತ್ತಾರೆ ಮ್ಯಾನೇಜರ್. ಎರಡು ಸಲ ವ್ಯಾಪಾರ ಇಲ್ಲ ಅಂತ ಒಂದೇ ಗಂಟೆಗೆ ಮನೆಗೆ ಕಳಿಸಿದರು. ಜ್ವರ ಬಂದು ಮೂರು ದಿನ ಮಲಗಿದ್ದಾಗ ಸಂಬಳ ಕೊಡಲಿಲ್ಲ.

ಜೊತೆಗಿರುವ ಐರಿಷ್ ಹುಡುಗಿ 'ನಮ್ಮ ಲಿಮರಿಕ್‌ನ ಸೆನೆಟರ್ ಒಬ್ಬರು ಟಿಪ್ಸ್‌ಗೆ ಕಾನೂನು ತಂದಿದ್ದಾರೆ, ಅವರಿಗೆ ಮೇಲ್ ಹಾಕು' ಅಂದಳು. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ 'ಸೆನೆಟ್ ಅಂದ್ರೆ ನಮ್ಮ ವಿಧಾನ ಪರಿಷತ್ತಿನ ಹಾಗೆ, ಸೋತವರನ್ನು ಕೂರಿಸೋ ಮನೆ, ಅಲ್ಲಿ ಏನೂ ಆಗಲ್ಲ' ಅಂದರು. ನಮ್ಮ ಮನೆಯವರಿಗೆ ದೂರು ಕೊಟ್ಟರೆ ವೀಸಾಕ್ಕೆ ತೊಂದರೆ ಆಗುತ್ತದೆ ಅನ್ನೋ ಭಯ. ಸೆನೆಟರ್‌ಗೆ ಬರೆಯಲೋ, ಬೇರೆ ಕಡೆ ಹೋಗಲೋ, ಸುಮ್ನೆ ಕೆಲಸ ಬಿಡಲೋ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಹೆಣೆದುಕೊಂಡಿವೆ. ಸೆನೆಟರ್ ಒಬ್ಬರು ನಿಜವಾಗಿ ಏನು ಮಾಡಬಲ್ಲರು ಅನ್ನುವುದು ಒಂದು. ನಿಮ್ಮ ಡಿಸೆಂಬರ್ ಟಿಪ್ಸ್ ವಾಪಸ್ ಬರುತ್ತದಾ ಅನ್ನುವುದು ಇನ್ನೊಂದು. ಇವೆರಡನ್ನೂ ಒಂದೇ ಅಂದುಕೊಂಡು ಆರು ತಿಂಗಳು ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಆ ಆರು ತಿಂಗಳ ಲೆಕ್ಕ ಏನು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ತಿಳಿದಿರಲಿ: ಟಿಪ್ಸ್ ವಿಷಯದಲ್ಲಿ ನಿಮ್ಮ ಪಕ್ಷ ಗಟ್ಟಿ. ಬೇಗ ಮನೆಗೆ ಕಳಿಸಿದ್ದರ ವಿಷಯದಲ್ಲಿ ಅಷ್ಟು ಗಟ್ಟಿಯಿಲ್ಲ. ಜ್ವರದ ದಿನಗಳದ್ದು ನೀವು ಡಾಕ್ಟರ ಚೀಟಿ ತಂದಿದ್ದಿರೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ವೀಸಾದ ಭಯ ಬಿಡಿ.

ಮೊದಲು ವಾಟ್ಸಾಪ್ ಗುಂಪಿನ ಮಾತಿಗೆ ಬರೋಣ. ಐರ್ಲೆಂಡಿನ ಮೇಲ್ಮನೆಗೆ ಶನಾಡ್ ಅಂತ ಹೆಸರು, ಕೆಳಮನೆಗೆ ಡಾಲ್. ಐರಿಷ್‌ನಲ್ಲಿ ಬರೆಯುವುದೊಂದು, ಓದುವುದು ಇನ್ನೊಂದು. ನಾನು ಬಂದ ಹೊಸದರಲ್ಲಿ 'ಸೀನಾಡ್' ಅನ್ನುತ್ತಿದ್ದೆ, ಎದುರಿಗಿದ್ದವರು ಮರ್ಯಾದೆಗೆ ನಗು ತಡೆದುಕೊಳ್ಳುತ್ತಿದ್ದರು. ಅದು ನಮ್ಮ ವಿಧಾನ ಪರಿಷತ್ತಿನ ಹಾಗೆ ಅನ್ನುವುದರಲ್ಲಿ ಹುರುಳಿದೆ. ಪರಿಷತ್ತಿನಲ್ಲಿ 75 ಜನ, ಇಲ್ಲಿ 60. ನಮ್ಮಲ್ಲಿ ಪದವೀಧರ ಕ್ಷೇತ್ರ ಇದ್ದ ಹಾಗೆ ಇಲ್ಲಿ ವಿಶ್ವವಿದ್ಯಾಲಯದ ಪದವೀಧರರು ಆರಿಸುವ 6 ಸ್ಥಾನಗಳಿವೆ. ನಾಮಕರಣವಾಗುವವರು ಎರಡೂ ಕಡೆ 11 ಜನ. ನಮ್ಮಲ್ಲಿ ರಾಜ್ಯಪಾಲರು ಮಾಡುತ್ತಾರೆ, ಇಲ್ಲಿ ಪ್ರಧಾನಿ, ಅಂದರೆ ಟೀಶಾಕ್. ಸಂಖ್ಯೆ ಹೊಂದಿದ್ದು ಕಾಕತಾಳೀಯ ಇರಬಹುದು, ನಾಮಕರಣದ ಪದ್ಧತಿ ಹಾಗಲ್ಲ. ರಾಜ್ಯಸಭೆಗೆ ಸದಸ್ಯರನ್ನು ನಾಮಕರಣ ಮಾಡುವ ಪದ್ಧತಿಯನ್ನು ನಮ್ಮ ಸಂವಿಧಾನ ತೆಗೆದುಕೊಂಡದ್ದೇ ಐರ್ಲೆಂಡಿನಿಂದ. ಉಳಿದ 43 ಜನರನ್ನು ಐದು ಪ್ಯಾನೆಲ್‌ಗಳಲ್ಲಿ, ಅಂದರೆ ಕ್ಷೇತ್ರವಾರು ಗುಂಪುಗಳಲ್ಲಿ, ಆರಿಸುತ್ತಾರೆ. ಅದರಲ್ಲೊಂದರ ಹೆಸರೇ ಲೇಬರ್ ಪ್ಯಾನೆಲ್. ಮತ ಹಾಕುವವರು ನಗರಸಭೆ, ಕೌಂಟಿ ಕೌನ್ಸಿಲ್‌ಗಳ ಸದಸ್ಯರು, ಡಾಲ್ ಸದಸ್ಯರು ಮತ್ತು ಅವಧಿ ಮುಗಿಸುತ್ತಿರುವ ಸೆನೆಟರ್‌ಗಳು. ಎಲ್ಲ ಸೇರಿದರೂ 1,200 ದಾಟುವುದಿಲ್ಲ.

ಅಧಿಕಾರವೂ ಕಡಿಮೆಯೇ. ಡಾಲ್ ಪಾಸು ಮಾಡಿದ ಸಾಮಾನ್ಯ ಮಸೂದೆಯನ್ನು ಶನಾಡ್ ಹೆಚ್ಚೆಂದರೆ 90 ದಿನ ತಡೆಹಿಡಿಯಬಹುದು. ಹಣಕಾಸಿನ ಮಸೂದೆಯಾದರೆ 21 ದಿನ, ಅದೂ ಶಿಫಾರಸು ಮಾತ್ರ. ಈ ಮನೆಯೇ ಬೇಡ ಅಂತ 2013ರ ಅಕ್ಟೋಬರಿನಲ್ಲಿ ಸರ್ಕಾರ ಜನಮತ ಕೇಳಿತ್ತು. 51.7 ಶೇಕಡಾ ಜನ 'ಇರಲಿ' ಅಂದರು, ಉಳಿಯಿತು. ಕೂದಲೆಳೆಯಲ್ಲಿ ಪಾರು.

ಆದರೆ 'ಸೋತವರ ಮನೆ, ಏನೂ ಆಗಲ್ಲ' ಅನ್ನುವುದರಲ್ಲಿ ಮೊದಲರ್ಧ ಆಗಾಗ ನಿಜ, ಎರಡನೆಯದು ಸುಳ್ಳು. ಲೇಬರ್ ಪಕ್ಷದ ಗೆಡ್ ನ್ಯಾಶ್ ಅವರನ್ನೇ ತೆಗೆದುಕೊಳ್ಳಿ. ಅವರು ಉದ್ಯೋಗ ಖಾತೆಯ ರಾಜ್ಯ ಸಚಿವರಾಗಿದ್ದಾಗ ಗಂಟೆಗಳ ಖಾತ್ರಿಯೇ ಇಲ್ಲದ ಕೆಲಸಗಳ ಬಗ್ಗೆ ನಿಮ್ಮದೇ ಊರಿನ ಲಿಮರಿಕ್ ವಿಶ್ವವಿದ್ಯಾಲಯದಿಂದ ಅಧ್ಯಯನ ಮಾಡಿಸಿದರು. 2015ರಲ್ಲಿ ವರದಿ ಬಂತು. 'ಬೇಕಾದಾಗ ಕರೆಯುತ್ತೇವೆ, ಬಂದರೆ ಬನ್ನಿ' ಅನ್ನುವ ಬಗೆಯ ಕರಾರುಗಳು ಇಲ್ಲಿ ಎಷ್ಟು ಹಬ್ಬಿವೆ ಅನ್ನುವುದು ಅದರಿಂದ ಗೊತ್ತಾಯಿತು. 2016ರ ಚುನಾವಣೆಯಲ್ಲಿ ನ್ಯಾಶ್ ಸೋತರು, ಶನಾಡ್‌ಗೆ ಬಂದರು. ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಅನಿಶ್ಚಿತ ಗಂಟೆಗಳ ಕೆಲಸದ ವಿರುದ್ಧ ಅಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಅದು ಅವರ ಹೆಸರಿನಲ್ಲಿ ಕಾನೂನಾಗಲಿಲ್ಲ. ಸರ್ಕಾರ ತನ್ನದೇ ಮಸೂದೆ ತಂದಿತು. ಅದು 2018ರ ಕಾಯ್ದೆಯಾಗಿ 2019ರ ಮಾರ್ಚ್ 4ರಿಂದ ಜಾರಿಗೆ ಬಂತು. ನಿಮ್ಮ 12 ಗಂಟೆ, 24 ಗಂಟೆಯ ವಿಷಯಕ್ಕೆ ಇವತ್ತು ಉತ್ತರ ಇರುವುದು ಅದೇ ಕಾಯ್ದೆಯಲ್ಲಿ.

ಟಿಪ್ಸ್ ಕಥೆಯೂ ಅದೇ ದಾರಿ ಹಿಡಿಯಿತು. ನಿಮ್ಮ ಗೆಳತಿ ಹೇಳಿದ ಸೆನೆಟರ್ ಪಾಲ್ ಗ್ಯಾವನ್ ಇರಬೇಕು. ಶಿನ್ ಫೇನ್ ಪಕ್ಷದವರು, ಲಿಮರಿಕ್ ಕಡೆಯವರು, ಅದಕ್ಕೆ ಮೊದಲು ಸಿಪ್ಟು ಕಾರ್ಮಿಕ ಸಂಘದಲ್ಲಿ ಸಂಘಟಕರಾಗಿದ್ದವರು. 2016ರಲ್ಲಿ ಸೆನೆಟರ್ ಆದರು, 2017ರಲ್ಲಿ ನೌಕರರ ಟಿಪ್ಸ್ ರಕ್ಷಿಸುವ ಮಸೂದೆ ಮಂಡಿಸಿದರು. ಅದೂ ಅವರ ಹೆಸರಿನಲ್ಲಿ ಕಾನೂನಾಗಲಿಲ್ಲ. ಸರ್ಕಾರ ವರ್ಷಗಟ್ಟಲೆ ಎಳೆದು ಕೊನೆಗೆ ತನ್ನದೇ ಕಾಯ್ದೆ ಮಾಡಿತು. 2022ರ ಜುಲೈನಲ್ಲಿ ಅಂಕಿತ ಬಿತ್ತು, ಡಿಸೆಂಬರ್ 1ರಿಂದ ಜಾರಿ. ಹಾಗಾಗಿ 'ಸೆನೆಟರ್ ಕಾನೂನು ತಂದರು' ಅನ್ನುವುದು ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಹಾಲಿಗೆ ಹೆಪ್ಪು ಹಾಕಿದವರು ಒಬ್ಬರು, ಕಡೆದು ಬೆಣ್ಣೆ ತೆಗೆದವರು ಇನ್ನೊಬ್ಬರು. ಅಂದ ಹಾಗೆ, ಗ್ಯಾವನ್ ಈಗ ಸೆನೆಟರ್ ಅಲ್ಲ. 2025ರ ಜನವರಿಯ ಚುನಾವಣೆಯ ನಂತರದ ಶನಾಡ್‌ನಲ್ಲಿ ಅವರಿಲ್ಲ. ಅವರ ಹಳೆಯ ವಿಳಾಸ ಹುಡುಕುತ್ತಾ ಕೂರಬೇಡಿ.

ಸರ್ಕಾರ ಯಾಕೆ ಹೀಗೆ ಮಾಡುತ್ತದೆ ಅಂತ ನೀವು ಕೇಳಬಹುದು. ವಿರೋಧ ಪಕ್ಷದ ಸೆನೆಟರ್‌ಗೆ ಹೆಸರು ಹೋಗಬಾರದು ಅನ್ನುವ ರಾಜಕೀಯ ಇದ್ದೇ ಇದೆ. ಆದರೆ ಬೇರೆ ಕಾರಣವೂ ಇದೆ. ಖಾಸಗಿ ಮಸೂದೆಗೆ ಇಲಾಖೆಯ ವಕೀಲರ ಬೆಂಬಲ ಇರುವುದಿಲ್ಲ. ಪದಗಳಲ್ಲಿ ಸಂದು ಉಳಿಯುತ್ತದೆ. ಜಾರಿ ಮಾಡುವ ಅಧಿಕಾರಿ ಯಾರು, ದಂಡ ಎಷ್ಟು, ಲೆಕ್ಕ ಯಾರು ಇಡಬೇಕು ಅನ್ನುವುದನ್ನೆಲ್ಲ ಆಮೇಲೆ ಬಿಗಿ ಮಾಡಬೇಕಾಗುತ್ತದೆ. ನಾನು ಸಂಬಳದ ಲೆಕ್ಕ ನೋಡುವ ಕೆಲಸದಿಂದ ಬಂದವಳು. ಆ ಸಂದುಗಳಲ್ಲೇ ದುಡ್ಡು ಸೋರಿಹೋಗುವುದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಸರ್ಕಾರ ಮತ್ತೆ ಬರೆಯುವುದರ ಬಗ್ಗೆ ನನಗೆ ತಕರಾರಿಲ್ಲ. ಐದು ವರ್ಷ ತೆಗೆದುಕೊಂಡದ್ದರ ಬಗ್ಗೆ ಇದೆ.

ಅಪವಾದವೂ ಉಂಟು. ಐವಾನಾ ಬೇಸಿಕ್ ಸೆನೆಟರ್ ಆಗಿದ್ದಾಗ 2016ರಲ್ಲಿ ಮಂಡಿಸಿದ ಮಸೂದೆ 2017ರ ಜೂನ್‌ನಲ್ಲಿ ನಿಜಕ್ಕೂ ಕಾನೂನಾಯಿತು. ಅದರ ಹಿನ್ನೆಲೆ ಕೇಳಿದರೆ ನಿಮಗೆ ನಗು ಬಂದರೂ ಬರಬಹುದು. ರೇಡಿಯೋ ಜಾಹೀರಾತಿಗೆ ದನಿ ಕೊಡುವ ಕಲಾವಿದರು ಸಂಘದ ಮೂಲಕ ಕನಿಷ್ಠ ದರ ಗೊತ್ತುಮಾಡಿಕೊಂಡಿದ್ದರು. 2004ರಲ್ಲಿ ಇಲ್ಲಿನ ಸ್ಪರ್ಧಾ ಪ್ರಾಧಿಕಾರ ಅದನ್ನು ಒಪ್ಪಲಿಲ್ಲ. 'ನೀವು ನೌಕರರಲ್ಲ, ಸ್ವಂತ ಉದ್ಯೋಗಿಗಳು. ಒಟ್ಟಿಗೆ ಕೂತು ದರ ಗೊತ್ತುಮಾಡಿದರೆ ಅದು ವ್ಯಾಪಾರಿಗಳು ಬೆಲೆ ಕೂಡಿಸಿದ ಹಾಗೆ' ಅನ್ನುವುದು ಅದರ ವಾದ. ಸಿಮೆಂಟ್ ಕಂಪನಿಗಳು ಸೇರಿ ಬೆಲೆ ಏರಿಸುವುದನ್ನು ತಡೆಯುವ ಕಾನೂನನ್ನು ಗಂಟಲು ನಂಬಿ ಬದುಕುವವರ ಮೇಲೆ ಹಾಕಿದ ಹಾಗಾಯಿತು. 2017ರ ತಿದ್ದುಪಡಿ ಮೂರು ಗುಂಪಿಗೆ ವಿನಾಯಿತಿ ಕೊಟ್ಟಿತು: ದನಿ ಕಲಾವಿದರು, ರೆಕಾರ್ಡಿಂಗ್‌ಗೆ ನುಡಿಸುವ ವಾದ್ಯಗಾರರು, ಸ್ವತಂತ್ರ ಪತ್ರಕರ್ತರು. ಹೆಸರಿಗೆ ಮಾತ್ರ ಸ್ವಂತ ಉದ್ಯೋಗಿಗಳಾಗಿರುವ ಬೇರೆಯವರಿಗೂ ಬಾಗಿಲು ತೆರೆಯಿತು. ಡೆಲಿವರಿ ಮಾಡುವ ನಮ್ಮ ಹುಡುಗರು ಇದನ್ನು ಗಮನಿಸುವುದು ಒಳ್ಳೆಯದು.

ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ. ಲಿನ್ ರುವೇನ್ ಅನ್ನುವ ಪಕ್ಷೇತರ ಸೆನೆಟರ್ 2021ರಲ್ಲಿ ಬಾಯಿ ಮುಚ್ಚಿಸುವ ಒಪ್ಪಂದಗಳ ವಿರುದ್ಧ ಮಸೂದೆ ತಂದರು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಆದಾಗ 'ಇಷ್ಟು ದುಡ್ಡು ತಗೊಳ್ಳಿ, ಯಾರಿಗೂ ಹೇಳಬೇಡಿ' ಅಂತ ಸಹಿ ಹಾಕಿಸಿಕೊಳ್ಳುವ ಕಾಗದಗಳು ಅವು. ಅದರ ತಿರುಳನ್ನೂ ಸರ್ಕಾರ 2024ರ ಒಂದು ಕಾಯ್ದೆಗೆ ಸೇರಿಸಿಕೊಂಡಿತು.

ಈ ಮಸೂದೆಗಳನ್ನೆಲ್ಲ ಜೊತೆಗಿಟ್ಟು ನೋಡಿ. ಯಾವುದಕ್ಕೂ ಸರ್ಕಾರದ ಖಜಾನೆಯಿಂದ ದುಡ್ಡು ಬೇಕಿಲ್ಲ. ಟಿಪ್ಸ್ ಕೊಡಬೇಕಾದವರು ಮಾಲೀಕರು, ಗಂಟೆ ಕೊಡಬೇಕಾದವರೂ ಅವರೇ. ಇದಕ್ಕೆ ಕಾರಣ ಸಂವಿಧಾನದಲ್ಲೇ ಇದೆ. ಹಣಕಾಸಿನ ಮಸೂದೆ ಶನಾಡ್‌ನಲ್ಲಿ ಹುಟ್ಟುವ ಹಾಗಿಲ್ಲ. ಸರ್ಕಾರದ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಹಣ ಖರ್ಚು ಮಾಡಿಸುವ ಮಸೂದೆ ಡಾಲ್‌ನಲ್ಲೂ ಮುಂದೆ ಹೋಗುವುದಿಲ್ಲ. ಹಾಗಾಗಿ ಆಸ್ಪತ್ರೆಗೆ ನರ್ಸ್‌ಗಳು ಸಾಲದು, ವೃದ್ಧರ ಆರೈಕೆಯವರಿಗೆ ಸಂಬಳ ಸಾಲದು ಅನ್ನುವಂಥ ಸಾರ್ವಜನಿಕ ಸೇವೆಯ ವಿಷಯ ಬಂದಾಗ ಸೆನೆಟರ್ ಕೈಯಲ್ಲಿ ಮಸೂದೆಯ ಅಸ್ತ್ರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅವರಿಗೆ ಉಳಿಯುವುದು ಮಾತು. ಡಾಲ್ ಸದಸ್ಯರ ಹಾಗೆ ಸಚಿವರಿಗೆ ಲಿಖಿತ ಪ್ರಶ್ನೆ ಕೇಳುವ ಹಕ್ಕೂ ಸೆನೆಟರ್‌ಗಳಿಗಿಲ್ಲ. ಬದಲಿಗೆ ಕಲಾಪದ ಮೊದಲಿಗೆ ಒಂದೊಂದು ನಿರ್ದಿಷ್ಟ ವಿಷಯ ಎತ್ತಿ ಸಚಿವರಿಂದ ಉತ್ತರ ಪಡೆಯುವ ಹೊತ್ತು ಇರುತ್ತದೆ. ಜಂಟಿ ಸಮಿತಿಗಳಲ್ಲಿ ಸಂಸದರ ಪಕ್ಕ ಕೂತು ಅಧಿಕಾರಿಗಳನ್ನು ಕೇಳಬಹುದು.

ಮಾತಿನಿಂದ ಏನಾಗುತ್ತದೆ ಅಂದಿರಾ? ನಮ್ಮವರು ಬಹಳ ಜನ ಕೆಲಸ ಮಾಡುವ ಆರೈಕೆ ಕ್ಷೇತ್ರದ್ದೇ ಉದಾಹರಣೆ ಇದೆ. ಇಲ್ಲಿ 'ಸೆಕ್ಷನ್ 39' ಸಂಸ್ಥೆಗಳು ಅಂತ ಇವೆ. ಅಂಗವಿಕಲರ ಆರೈಕೆಯಂಥ ಸರ್ಕಾರದ ಕೆಲಸವನ್ನು ಸರ್ಕಾರದ ದುಡ್ಡಿನಲ್ಲೇ ಮಾಡುತ್ತವೆ. ಆದರೆ ಅಲ್ಲಿನ ನೌಕರರು ಸರ್ಕಾರಿ ನೌಕರರಲ್ಲ, ಸಂಬಳ ಕಡಿಮೆ. ನಮ್ಮೂರಿನ ಹೊರಗುತ್ತಿಗೆ ನೌಕರರ ಪಾಡು ನೆನಪಾಗುತ್ತದೆ, ಅಲ್ವಾ? ಈ ಅನ್ಯಾಯವನ್ನು ಎರಡೂ ಮನೆಗಳಲ್ಲಿ ವರ್ಷಗಟ್ಟಲೆ ಎತ್ತಿದರು. ಆದರೂ 2023ರ ಅಕ್ಟೋಬರಿನಲ್ಲಿ 8 ಶೇಕಡಾ ಹೆಚ್ಚಳ ಒಪ್ಪಿದ್ದು ಸಂಘಗಳು ಮುಷ್ಕರದ ದಿನ ಗೊತ್ತುಮಾಡಿದ ಮೇಲೆ. ನನ್ನನ್ನು ಕೇಳಿದರೆ ದುಡ್ಡಿನ ವಿಷಯದಲ್ಲಿ ಸೆನೆಟರ್ ಮಾತಿಗಿಂತ ಸಂಘದ ನೋಟಿಸಿಗೆ ತೂಕ ಜಾಸ್ತಿ. ಸೆನೆಟರ್ ಮಾತು ಆ ನೋಟಿಸಿಗೆ ನೆಲ ಹದ ಮಾಡುತ್ತದೆ.

ಸರಿ, ಈಗ ನಿಮ್ಮ ಟಿಪ್ಸ್‌ಗೆ ಬರೋಣ. 2022ರ ಕಾಯ್ದೆ ಹೇಳುವುದು ನೇರವಾಗಿದೆ. ಟಿಪ್ಸ್ ಹಣದಿಂದ ನಿಮ್ಮ ಮೂಲ ಸಂಬಳ ತುಂಬಿಸುವ ಹಾಗಿಲ್ಲ. ಕಾರ್ಡಿನಲ್ಲಿ ಬಂದ ಟಿಪ್ಸನ್ನು ನ್ಯಾಯವಾಗಿ, ಎಲ್ಲರಿಗೂ ಗೊತ್ತಾಗುವ ಹಾಗೆ ಹಂಚಬೇಕು. ಎಷ್ಟು ಬಂತು, ಅದರಲ್ಲಿ ನಿಮಗೆಷ್ಟು ಅನ್ನುವ ಲೆಕ್ಕವನ್ನು ಬರವಣಿಗೆಯಲ್ಲಿ ಕೊಡಬೇಕು. ಬಿಲ್ಲಿನಲ್ಲಿ ಕಡ್ಡಾಯವಾಗಿ ಸೇರಿಸುವ ಸರ್ವಿಸ್ ಚಾರ್ಜ್ ಕೂಡ ಟಿಪ್ಸ್ ಲೆಕ್ಕಕ್ಕೇ ಸೇರುತ್ತದೆ. ಹಂಚುವ ಪದ್ಧತಿ ಏನು ಅನ್ನುವ ನೋಟಿಸನ್ನು ಗಿರಾಕಿಗಳಿಗೆ ಕಾಣುವ ಹಾಗೆ ಹಾಕಿರಬೇಕು. ನಾಳೆ ಕೆಲಸಕ್ಕೆ ಹೋದಾಗ ಬಾಗಿಲ ಹತ್ತಿರ, ಬಿಲ್ಲಿಂಗ್ ಕೌಂಟರ್ ಹತ್ತಿರ ಒಮ್ಮೆ ಕಣ್ಣಾಡಿಸಿ. ನೋಟಿಸ್ ಇದ್ದರೆ ಫೋಟೋ ತೆಗೆಯಿರಿ. ಇಲ್ಲದಿದ್ದರೆ ಖಾಲಿ ಗೋಡೆಯದೇ ತೆಗೆಯಿರಿ, ಅದೂ ಒಂದು ಸಾಕ್ಷಿ.

ಒಡೆದ ಗ್ಲಾಸು, ಸ್ಟಾಫ್ ಪಾರ್ಟಿ ಇವೆಲ್ಲ ಕಾನೂನು ಒಪ್ಪುವ ಕಾರಣಗಳಲ್ಲ. ಕಾರ್ಡಿನ ಬ್ಯಾಂಕ್ ಶುಲ್ಕ, ತೆರಿಗೆ ಇಂಥವನ್ನು ಮುರಿದುಕೊಳ್ಳಬಹುದು. ಮಾಲೀಕರು ತಾವೂ ನಿಮ್ಮ ಜೊತೆ ದಿನಾ ತಟ್ಟೆ ಎತ್ತುವವರಾಗಿದ್ದರೆ ಒಂದು ಪಾಲು ಕೇಳಬಹುದು. ಸುಮ್ನೆ ಗಲ್ಲಾದಲ್ಲಿ ಕೂತವರು ಕೇಳುವ ಹಾಗಿಲ್ಲ. ಹಾಗಂತ ನಿಮ್ಮ ಟೇಬಲ್ಲಿನ 30 ಯೂರೋ ಪೂರ್ತಿ ನಿಮಗೇ ಬರಬೇಕು ಅಂತಲೂ ಇಲ್ಲ. ಅಡುಗೆಮನೆಯವರಿಗೂ ಪಾಲಿರಬಹುದು. ಎಷ್ಟು ಗಂಟೆ ಕೆಲಸ, ಎಷ್ಟು ವರ್ಷದ ಅನುಭವ, ಏನು ಕೆಲಸ ಅನ್ನುವುದನ್ನೆಲ್ಲ ನೋಡಿ ಹಂಚಬಹುದು. ಯಾರಿಗೂ ಏನೂ ಸಿಗದೆ ಇರುವುದು ಮಾತ್ರ 'ನ್ಯಾಯವಾದ ಹಂಚಿಕೆ' ಆಗುವುದಿಲ್ಲ. ಗಿರಾಕಿ ಕೈಯಲ್ಲಿ ಇಟ್ಟ ನೋಟು, ಚಿಲ್ಲರೆ ಬೇರೆ ವಿಷಯ. ನಗದು ಟಿಪ್ಸ್ ಹಂಚಿಕೆಗೆ ಈ ಕಾಯ್ದೆಯ ಹಿಡಿತ ಇಲ್ಲ. ಅದನ್ನು ಹಂಚುತ್ತಾರೋ ಇಲ್ಲವೋ ಅನ್ನುವುದನ್ನು ನೋಟಿಸಿನಲ್ಲಿ ಹೇಳಬೇಕು, ಅಷ್ಟೇ.

ಸಾಕ್ಷಿ ಎಲ್ಲಿಂದ ತರುವುದು? ರಾತ್ರಿ ಬಾಗಿಲು ಹಾಕುವಾಗ ಬಿಲ್ಲಿಂಗ್ ಯಂತ್ರದಿಂದ ಮೊಳದುದ್ದ ಚೀಟಿ ಬರುತ್ತದಲ್ಲ, ಝಡ್ ರಿಪೋರ್ಟ್ ಅನ್ನುತ್ತಾರೆ. ಅದರಲ್ಲಿ ಮಾರಾಟ, ತೆರಿಗೆ, ಕಾರ್ಡ್, ನಗದು ಎಲ್ಲದರ ಜೊತೆ ಟಿಪ್ಸ್ ಅಂತ ಬೇರೆಯೇ ಒಂದು ಸಾಲು ಇರುತ್ತದೆ. ಆ ಸಾಲು ಎಲ್ಲೂ ಮಾಯವಾಗುವುದಿಲ್ಲ, ಲೆಕ್ಕಿಗರ ಹತ್ತಿರ ಹೋಗಿಯೇ ಹೋಗುತ್ತದೆ. ನೀವು ಅದನ್ನು ಕದ್ದು ತರಬೇಡಿ. ಗಿರಾಕಿಯ ಕಾರ್ಡ್ ವಿವರ ಇರುವ ರಸೀದಿಯ ಫೋಟೋ ಅಂತೂ ಬೇಡವೇ ಬೇಡ, ಅದರಿಂದ ನಿಮಗೇ ತೊಂದರೆ. ಇಂಥ ದಿನ, ಇಷ್ಟು ಟೇಬಲ್, ಸುಮಾರು ಇಷ್ಟು ಟಿಪ್ಸ್ ಅಂತ ನಿಮ್ಮ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ದಾಖಲೆ ತೋರಿಸುವ ಹೊಣೆ ಅವರದು.

ಇಲ್ಲಿ ಒಬ್ಬ ಹುಡುಗನ ನೆನಪು ಬರುತ್ತದೆ. ಚಿಕ್ಕಮಗಳೂರು ಕಡೆಯವನು, ಕೆಲವು ವರ್ಷಗಳ ಹಿಂದೆ ಡಬ್ಲಿನ್‌ನಲ್ಲಿ ನನ್ನ ಹತ್ತಿರ ಬಂದಿದ್ದ. ಕೈಯಲ್ಲಿ ಊರಿಂದ ತಂದ ಗೋಡೆ ಕ್ಯಾಲೆಂಡರ್ ಸುತ್ತಿ ಹಿಡಿದಿದ್ದ. ಬಿಡಿಸಿ ಮೇಜಿನ ಮೇಲೆ ಹಾಸಿದ. ಪ್ರತಿ ಚೌಕದಲ್ಲೂ, ಸಂಕಷ್ಟಿ, ಅಮಾವಾಸ್ಯೆ ಅಂತ ಅಚ್ಚಾಗಿದ್ದರ ಪಕ್ಕದಲ್ಲೇ, ನೀಲಿ ಪೆನ್ನಿನಲ್ಲಿ ಬಂದ ಹೊತ್ತು, ಹೋದ ಹೊತ್ತು. ಮಾಲೀಕರ ಹಾಜರಿ ಪಟ್ಟಿಯಲ್ಲಿ ಮೂರು ವಾರವೇ ಕಾಣೆಯಾಗಿತ್ತು. ಕ್ಯಾಲೆಂಡರಿನಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಮಾತುಕತೆಯಲ್ಲೇ ದುಡ್ಡು ಬಂತು.

ಇನ್ನು ಒಂದೇ ಗಂಟೆ ಕೆಲಸ ಮಾಡಿಸಿ ಮನೆಗೆ ಕಳಿಸಿದ ವಿಷಯ. 'ಕರೆಸಿ ವಾಪಸ್ ಕಳಿಸಿದರೆ ಮೂರು ಗಂಟೆಯ ದುಡ್ಡು' ಅಂತ ನೀವೂ ಕೇಳಿರಬಹುದು. ಅಂಥ ಕಲಮು ಇದೆ. ಕನಿಷ್ಠ ಗಂಟೆ ಸಂಬಳದ ಮೂರು ಪಟ್ಟು ಕೊಡಬೇಕು. 2026ರ ಜನವರಿಯಿಂದ ಗಂಟೆಗೆ 14.15 ಯೂರೋ ಇರುವುದರಿಂದ 42.45 ಯೂರೋ ಆಗುತ್ತದೆ. ಆದರೆ ಆ ಕಲಮು ಇಡೀ ವಾರವನ್ನು ನೋಡುತ್ತದೆ. ಕರಾರಿನ ಗಂಟೆಗಳಲ್ಲಿ ಕಾಲು ಭಾಗವೂ ಕೊಡದ ವಾರಕ್ಕೆ ಅದು ಪರಿಹಾರ. ಉಳಿದ ದಿನ ನೀವು ಇಪ್ಪತ್ತು ಗಂಟೆ ಮಾಡಿದ್ದರೆ ಅದು ಗೆಲ್ಲುವ ಅಂಶವಲ್ಲ. ಅದನ್ನು ದೂರಿಗೆ ಸೇರಿಸಿ ಗಟ್ಟಿ ಅಂಶವನ್ನು ತೆಳು ಮಾಡಿಕೊಳ್ಳಬೇಡಿ. 12 ಗಂಟೆಯ ಕಾಗದದ ಮೇಲೆ 24 ಗಂಟೆ ದುಡಿಯುವುದಕ್ಕೆ ಆಗಲೇ ಹೇಳಿದ 2018ರ ಕಾಯ್ದೆಯಲ್ಲಿ ಬೇರೆ ದಾರಿ ಇದೆ. ಹಿಂದಿನ 12 ತಿಂಗಳಲ್ಲಿ ನಿಜವಾಗಿ ಮಾಡಿದ ಗಂಟೆಗೆ ತಕ್ಕ ಶ್ರೇಣಿಗೆ ಸೇರಿಸಿ ಅಂತ ಬರೆದು ಕೇಳಬಹುದು. ನಿಮ್ಮದು 21ರಿಂದ 26 ಗಂಟೆಯ ಶ್ರೇಣಿ ಆಗುತ್ತದೆ. ನಾಲ್ಕು ವಾರದಲ್ಲಿ ಉತ್ತರ ಕೊಡಬೇಕು. ಇದನ್ನು ಕೇಳಲು ನಿಮಗೆ ಆಗಸ್ಟ್ ಕೊನೆ ಆಗಬೇಕು.

ಜ್ವರದ ದಿನಗಳದ್ದು ಬೇಗ ಮುಗಿಸುತ್ತೇನೆ. 13 ವಾರ ಕೆಲಸ ಮಾಡಿದವರಿಗೆ ವರ್ಷಕ್ಕೆ 5 ದಿನ ಕಾನೂನಿನ ಸಿಕ್ ಲೀವ್ ಇದೆ. ಸಂಬಳದ 70 ಶೇಕಡಾ, ದಿನಕ್ಕೆ ಗರಿಷ್ಠ 110 ಯೂರೋ. ಆದರೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಬರೀ ಮೆಸೇಜ್ ಹಾಕಿ ಕಷಾಯ ಕುಡಿದು ಮಲಗಿದ್ದರೆ ಈ ಸಲ ಬಿಟ್ಟುಬಿಡಿ.

ಇನ್ನು ನಿಮ್ಮ ಮನೆಯವರ ಭಯ. ಸ್ಟ್ಯಾಂಪ್ 1ಜಿ ನಿಮಗೆ ಸಿಕ್ಕಿರುವುದು ಅವರ ಪರ್ಮಿಟ್‌ನಿಂದ, ಈ ರೆಸ್ಟೋರೆಂಟಿನಿಂದಲ್ಲ. ನೀವು ಬೇರೆ ಪರ್ಮಿಟ್ ಇಲ್ಲದೆ ಯಾರ ಹತ್ತಿರ ಬೇಕಾದರೂ ಕೆಲಸ ಮಾಡಬಹುದು. ಈ ಮಾಲೀಕರು ನಾಳೆ ಬೇಡ ಅಂದರೂ ನಿಮ್ಮ ವಾಸಕ್ಕೆ ಧಕ್ಕೆಯಿಲ್ಲ. ಸಂಬಳದ ದೂರು ವಲಸೆ ಇಲಾಖೆಯ ವಿಷಯವೂ ಅಲ್ಲ. ಎಚ್ಚರ ಬೇಕಾದವರು ಬೇರೆಯವರು. ನಿಮ್ಮ ಜೊತೆ ಸ್ಟ್ಯಾಂಪ್ 2ರ ವಿದ್ಯಾರ್ಥಿಗಳು ಇದ್ದು, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಮಾಡಿದ್ದರೆ, ಗಂಟೆಗಳ ದಾಖಲೆ ಹೊರಬಂದಾಗ ಅವರಿಗೆ ಇರುಸುಮುರುಸಾಗಬಹುದು. ದೂರು ಕೊಡುವ ಮೊದಲು ಅವರಿಗೊಂದು ಮಾತು ಹೇಳಿ.

ನಿಮ್ಮ ನಿಜವಾದ ಅಪಾಯ ವೀಸಾ ಅಲ್ಲ, ಕ್ಯಾಲೆಂಡರ್. ಕೆಲಸದಿಂದ ಅನ್ಯಾಯವಾಗಿ ತೆಗೆದರು ಅಂತ ದಾವೆ ಹೂಡಲು ಸಾಮಾನ್ಯವಾಗಿ 12 ತಿಂಗಳ ಸೇವೆ ಬೇಕು. ನಿಮಗೆ ಈಗ ಎಂಟು ತಿಂಗಳು. ಆದರೆ ಟಿಪ್ಸ್‌ನ ದೂರನ್ನು ಕಾರ್ಮಿಕ ವ್ಯಾಜ್ಯ ನೋಡುವ ಡಬ್ಲ್ಯುಆರ್‌ಸಿಗೆ ತಪ್ಪು ನಡೆದ ಆರು ತಿಂಗಳೊಳಗೆ ಕೊಡಬೇಕು. ಅಂದರೆ ಆಗಸ್ಟ್ ತನಕ ಕಾದರೆ ಕೆಲಸ ಭದ್ರ, ಡಿಸೆಂಬರ್ ಟಿಪ್ಸ್ ಹೋಯಿತು. ಜೂನ್ ಒಳಗೆ ಕೊಟ್ಟರೆ ಟಿಪ್ಸ್ ಉಳಿಯಿತು, ಕೆಲಸಕ್ಕೆ ಸಂಚಕಾರ ಬರಬಹುದು. ತಕ್ಕ ಕಾರಣ ಇದ್ದರೆ ಗಡುವನ್ನು 12 ತಿಂಗಳವರೆಗೆ ಬೆಳೆಸುತ್ತಾರೆ. ಆದರೆ 'ಹೆದರಿದ್ದೆ' ಅನ್ನುವ ಒಂದೇ ಕಾರಣ ಸಾಕು ಅಂತ ನಂಬಿ ಕೂರಬೇಡಿ. ಹಕ್ಕು ಕೇಳಿದ್ದಕ್ಕೆ ಕಿರುಕುಳ ಕೊಡಬಾರದು ಅನ್ನುವ ರಕ್ಷಣೆ ಹಲವು ಕಾರ್ಮಿಕ ಕಾಯ್ದೆಗಳಲ್ಲಿದೆ. ಆದರೆ ಅದನ್ನು ಸಾಬೀತು ಮಾಡುವುದು ಸುಲಭವಲ್ಲ.

ನಾನಾಗಿದ್ದರೆ ಮೊದಲು ಮ್ಯಾನೇಜರ್‌ಗೆ ಸೌಮ್ಯವಾಗಿ ಒಂದು ಇಮೇಲ್ ಹಾಕುತ್ತಿದ್ದೆ. 'ಸೆಪ್ಟೆಂಬರ್‌ನಿಂದ ಕಾರ್ಡ್ ಟಿಪ್ಸ್‌ನ ಲೆಕ್ಕ ಮತ್ತು ಹಂಚಿಕೆಯ ವಿವರ ದಯವಿಟ್ಟು ಕಳಿಸಿ' ಅಂತ, ಅಷ್ಟೇ. ಬೆದರಿಕೆ ಬೇಡ, ಕಾಯ್ದೆಯ ಹೆಸರೂ ಬೇಡ. ಅರ್ಧಕ್ಕರ್ಧ ಜಾಗಗಳಲ್ಲಿ ಇದೇ ಸಾಕಾಗುತ್ತದೆ, ಯಾಕೆಂದರೆ ಅವರ ಲೆಕ್ಕಿಗರಿಗೆ ಕಾನೂನು ಗೊತ್ತಿರುತ್ತದೆ. ಒಬ್ಬರೇ ಕೇಳುವುದಕ್ಕಿಂತ ನಾಲ್ಕು ಜನ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಸಂಘ ಸೇರುವ ಹಕ್ಕು ಐರಿಷ್ ಸಂವಿಧಾನದಲ್ಲೇ ಇದೆ. ಆದರೆ ಮಾಲೀಕರು ಸಂಘದ ಜೊತೆ ಮಾತಾಡಲೇಬೇಕು ಅನ್ನುವ ಕಡ್ಡಾಯ ಇಲ್ಲ, ಇದು ಇಲ್ಲಿಯ ದೊಡ್ಡ ಕೊರತೆ. ಆದರೂ ಸಂಘ ನಿಮಗೆ ಕಾಗದ ಬರೆದುಕೊಡುತ್ತದೆ, ವಿಚಾರಣೆಯಲ್ಲಿ ಪಕ್ಕ ಕೂರುತ್ತದೆ.

ಉತ್ತರ ಬರದಿದ್ದರೆ ಡಬ್ಲ್ಯುಆರ್‌ಸಿ. ಆನ್‌ಲೈನ್ ಅರ್ಜಿ, ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಒಂದು ವಿಷಯ ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. 2021ರ ಐರಿಷ್ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿಚಾರಣೆ ಸಾಮಾನ್ಯವಾಗಿ ಬಹಿರಂಗ. ತೀರ್ಪು ಇಂಟರ್ನೆಟ್ಟಿನಲ್ಲಿ ಎರಡೂ ಕಡೆಯ ಹೆಸರಿನ ಸಮೇತ ಬರುತ್ತದೆ. ಮುಂದೆ ಬೇರೆ ಕೆಲಸ ಹುಡುಕುವಾಗ ಯಾರಾದರೂ ನಿಮ್ಮ ಹೆಸರು ಹಾಕಿ ಹುಡುಕಿದರೆ ಸಿಗಬಹುದು. ಅದು ಬೇಡ ಅನ್ನಿಸಿದರೆ ಅರ್ಜಿಯಲ್ಲೇ ಸಂಧಾನಕ್ಕೆ ಒಪ್ಪಿಗೆ ಇದೆ ಅನ್ನಿ, ಅದು ಗುಟ್ಟಾಗಿ ನಡೆಯುತ್ತದೆ. ಹೆಸರು ಹೇಳದೆ ತನಿಖಾಧಿಕಾರಿಗೆ ಸುಳಿವು ಕೊಡುವ ದಾರಿಯೂ ಇದೆ. ಅವರು ಬಂದು ದಾಖಲೆ ನೋಡಬಹುದು, ಆದರೆ ನಿಮ್ಮ ಪಾಲು ನಿಮ್ಮ ಖಾತೆಗೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಕೆಲಸ ಬಿಡುವುದೂ ತಪ್ಪೇನಲ್ಲ. ಬಿಟ್ಟ ಮೇಲೂ ಆರು ತಿಂಗಳ ಲೆಕ್ಕದೊಳಗೆ ದೂರು ಕೊಡಬಹುದು, ಆಗ ಕೆಲಸ ಹೋಗುವ ಭಯವೂ ಇರುವುದಿಲ್ಲ. ಲಿಮರಿಕ್‌ನಲ್ಲಿ ಸಂಜೆ ಕೆಲಸ ಬೇರೆ ಕಡೆ ಸಿಗುವ ಹಾಗಿದ್ದರೆ ನನಗೆ ಇದೇ ಇಷ್ಟ. ಎಂ.ಕಾಂ. ಓದಿದವರು ಆ ಝಡ್ ರಿಪೋರ್ಟ್ ಹೋಗುವ ಆಫೀಸಿನಲ್ಲೇ ಕೆಲಸ ಹುಡುಕಬಹುದಲ್ಲ!

ಹಾಗಾದರೆ ಸೆನೆಟರ್‌ಗೆ ಬರೆಯುವುದು ಬೇಡವಾ? ಬರೆಯಿರಿ, ಆದರೆ ನಿಮ್ಮ ದುಡ್ಡು ಕೊಡಿಸಿ ಅಂತ ಅಲ್ಲ. ಅವರು ಡಬ್ಲ್ಯುಆರ್‌ಸಿಯಲ್ಲಿ ನಡೆಯುವ ವ್ಯಾಜ್ಯಕ್ಕೆ ಕೈ ಹಾಕುವ ಹಾಗಿಲ್ಲ. ಕಾನೂನು ಎಲ್ಲಿ ಸೋರುತ್ತಿದೆ ಅಂತ ಬರೆಯಿರಿ. ನೋಟಿಸ್ ಇಲ್ಲದ ಗೋಡೆ, ಲೆಕ್ಕ ಕೊಡದ ಮ್ಯಾನೇಜರ್, ಎಂಟು ತಿಂಗಳ ನೌಕರಳಿಗೆ ಜೂನ್ ಮತ್ತು ಆಗಸ್ಟ್ ನಡುವಿನ ಈ ಇಕ್ಕಟ್ಟು. ಒಂದು ಪುಟ, ತಾರೀಖುಗಳ ಸಮೇತ, ರೆಸ್ಟೋರೆಂಟಿನ ಹೆಸರಿಲ್ಲದೆ. ಸಮಿತಿಯಲ್ಲಿ ಅಧಿಕಾರಿಯ ಎದುರು ಎತ್ತಿ ತೋರಿಸಲು ಅವರಿಗೆ ಬೇಕಾಗುವುದು ಇಂಥದ್ದೇ. ಕಾರ್ಮಿಕರ ವಿಷಯದಲ್ಲಿ ಈಗ ಯಾರು ಮಾತಾಡುತ್ತಿದ್ದಾರೆ ಅಂತ ಸಂಸತ್ತಿನ ಜಾಲತಾಣದಲ್ಲಿ ಚರ್ಚೆಗಳನ್ನು ಹುಡುಕಿದರೆ ಸಿಗುತ್ತದೆ.

ಸೆನೆಟ್ ಚುನಾವಣೆಯಲ್ಲಿ ನಿಮಗೆ ಮತವಿಲ್ಲ. ಆದರೆ ಸ್ಥಳೀಯ ಚುನಾವಣೆಯಲ್ಲಿ ಇದೆ, ಪೌರತ್ವ ಬೇಕಿಲ್ಲ, ಇಲ್ಲಿ ವಾಸವಿದ್ದು 18 ತುಂಬಿದ್ದರೆ ಸಾಕು. ಆ ಚುನಾವಣೆಯಲ್ಲಿ ಗೆದ್ದ ಕೌನ್ಸಿಲರ್‌ಗಳೇ 43 ಸೆನೆಟರ್‌ಗಳ ಆಯ್ಕೆಯಲ್ಲಿ ಹೆಚ್ಚಿನ ಮತದಾರರು. ಹಾಗಾಗಿ ನಿಮ್ಮ ವಾರ್ಡಿನ ಕೌನ್ಸಿಲರ್ ಕಳಿಸಿದ ಕಾಗದಕ್ಕೆ ಸೆನೆಟರ್ ಕಚೇರಿಯಲ್ಲಿ ಬೇಗ ಉತ್ತರ ಬರುತ್ತದೆ. ಪತ್ರವನ್ನು ಅವರ ಮೂಲಕ ಕಳಿಸಿ. ಮತದಾರರ ಪಟ್ಟಿಗೆ ನೀವೂ, ನಿಮ್ಮ ಮನೆಯವರೂ ಹೆಸರು ಸೇರಿಸಿಕೊಳ್ಳಿ.

ಇವತ್ತು ರಾತ್ರಿ ಮಾತ್ರ ಬೇರೇನೂ ಬೇಡ. ಡಿಸೆಂಬರಿನ ಡ್ಯೂಟಿ ಚಾರ್ಟ್ ನಿಮ್ಮ ಮೊಬೈಲಿನ ಗುಂಪಿನಲ್ಲಿ ಇನ್ನೂ ಇದ್ದರೆ, ಯಾರಾದರೂ ಅಳಿಸುವ ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದಿಡಿ.